ಹಸಿರು ಮುಳ್ಳನ್ನು ನಂಬದ ಸಾಹೇಬರು: ಅಪಾರ್ಟ್‌ಮೆಂಟಿನ ಫೈರ್ ಸಿಲಿಂಡರ್ ಸರ್ವಿಸ್ ಹೇಗಿತ್ತು?

ಬಸವನಗುಡಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಈ ಸಲ ನಡೆದ, ಬೆಂಕಿ ಆರಿಸುವ ಫೈರ್ ಸಿಲಿಂಡರ್‌ಗಳ ವಾರ್ಷಿಕ ಸರ್ವಿಸ್ ಮತ್ತು ರೀಫಿಲ್ ಬಗ್ಗೆ ಈ ವಿಮರ್ಶೆ. ಒಟ್ಟು ಹದಿನಾಲ್ಕು ಸಿಲಿಂಡರ್. ನೆಲಮಹಡಿಯಿಂದ ನಾಲ್ಕನೇ ಮಹಡಿವರೆಗೆ ಮಹಡಿಗೆ ಎರಡರಂತೆ 6 ಕೆ.ಜಿ.ಯ ಎಬಿಸಿ ಪುಡಿಯವು (ಕಟ್ಟಿಗೆ, ಪೆಟ್ರೋಲ್, ಗ್ಯಾಸ್ ಮೂರರ ಬೆಂಕಿಗೂ ಆಗುವ ಪುಡಿ) ಹತ್ತು, ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಅಂಥವೇ ಎರಡು, ಕರೆಂಟ್ ಪ್ಯಾನೆಲ್ ರೂಮಿಗೆ ಒಂದು ಮತ್ತು ಲಿಫ್ಟ್ ಮೆಷಿನ್ ರೂಮಿಗೆ ಒಂದು 4.5 ಕೆ.ಜಿ.ಯ ಕಾರ್ಬನ್ ಡೈಆಕ್ಸೈಡ್. ಕೆಲಸ ಮಾಡಿದ್ದು ನಗರದ ಒಂದು ಸಣ್ಣ ಸಂಸ್ಥೆ. ಹೆಸರು ಬರೆಯುವುದಿಲ್ಲ. ಇಲ್ಲಿ ಸಿಕ್ಕಿದ ತಪ್ಪುಗಳು ಆ ಒಂದು ಸಂಸ್ಥೆಯವು ಮಾತ್ರ ಅಲ್ಲ, ಈ ಕೆಲಸ ಬಹಳ ಕಡೆ ಹೀಗೇ ನಡೆಯುತ್ತದೆ.

ನಮ್ಮ ನಿವೃತ್ತ ಮುಖ್ಯ ಅಗ್ನಿಶಾಮಕ ಅಧಿಕಾರಿಗಳು ಕೊನೆಯ ವರ್ಷಗಳನ್ನು ಕಳೆದದ್ದು ಈ ಕಟ್ಟಡದ ಎರಡನೇ ಮಹಡಿಯಲ್ಲಿ. ಇಲಾಖೆಯಲ್ಲಿ ಅವರಿಗೆ ಯಾರೂ ಹೆಸರು ಹಿಡಿದು ಮಾತಾಡಿದ್ದಿಲ್ಲ, ಬರೀ ‘ಸಾಹೇಬರು’. ಕಟ್ಟಡದ ಮಕ್ಕಳಿಗೆ ‘ಫೈರ್ ತಾತ’. ಸರ್ವಿಸ್‌ನವರು ಬರುವ ದಿನ ಪಾರ್ಕಿಂಗಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಪಕ್ಕದಲ್ಲಿ ತೂಕದ ಯಂತ್ರ, ತೊಡೆಯ ಮೇಲೆ ಒಂದು ಉದ್ದನೆಯ ರಿಜಿಸ್ಟರ್. ಹದಿನಾಲ್ಕೂ ಮುಗಿಯುವವರೆಗೆ ಅವರು ಏಳುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಬಂದ ಮೊದಲ ಸರ್ವಿಸ್ ಇದು. ನಿವಾಸಿಗಳ ಸಂಘದವರು ಕೇಳಿಕೊಂಡದ್ದರಿಂದ, ಅವರ ಕೈಕೆಳಗೆ ಠಾಣೆಗಳಲ್ಲಿ ಕೆಲಸ ಮಾಡಿದವರು ಮತ್ತು ನಿವೃತ್ತಿಯ ನಂತರ ಅವರಿಗೆ ಸ್ನೇಹಿತರಾದವರು ಸೇರಿ, ಅದೇ ರಿಜಿಸ್ಟರ್ ಮುಂದಿಟ್ಟುಕೊಂಡು ಈ ಕೆಲಸವನ್ನು ಅಳೆದಿದ್ದೇವೆ.

ಸಾಹೇಬರು ನೂರು ಸಲ ಹೇಳುತ್ತಿದ್ದ ವಿಷಯ ಒಂದೇ. ಒತ್ತಡ ತೋರಿಸುವ ಗೇಜಿನ ಮುಳ್ಳು ಹಸಿರು ಪಟ್ಟಿಯಲ್ಲಿದೆ ಎಂದರೆ ಒಳಗೆ ಒತ್ತಡ ಇರಬಹುದು ಅಷ್ಟೆ. ಪುಡಿ ಇದೆಯೋ, ಎಷ್ಟಿದೆ, ಹರಿಯುತ್ತದೋ ಗಟ್ಟಿಯಾಗಿದೆಯೋ, ಪೈಪಿನೊಳಗೆ ಜೇಡ ಗೂಡು ಕಟ್ಟಿದೆಯೋ, ಇದ್ಯಾವುದನ್ನೂ ಮುಳ್ಳು ಹೇಳುವುದಿಲ್ಲ. ಬೆಂಗಳೂರಿನ ನೂರಾರು ಕಟ್ಟಡಗಳಲ್ಲಿ ‘ಸರ್ವಿಸ್’ ಎಂದರೆ ಬಟ್ಟೆಯಲ್ಲಿ ಧೂಳು ಒರೆಸಿ, ಮುಳ್ಳು ನೋಡಿ, ಹೊಸ ತಾರೀಖಿನ ಸ್ಟಿಕರ್ ಅಂಟಿಸುವುದು. ಈ ಸಂಸ್ಥೆಯ ಕೊಟೇಶನ್ನಿನಲ್ಲೂ ‘ಸರ್ವಿಸ್ ಅಂಡ್ ರೀಫಿಲ್, 14 ನಗ’ ಎಂದಷ್ಟೇ ಇತ್ತು. ಹಾಗೆ ಒಪ್ಪಿಕೊಳ್ಳಬೇಡಿ. ಯಾವ ಪುಡಿ, ಎಷ್ಟು ಶೇಕಡಾ ಎಂಎಪಿ, ಎಷ್ಟು ಕೆ.ಜಿ., ಯಾವ ಗ್ಯಾಸಿನಿಂದ ಒತ್ತಡ ತುಂಬುತ್ತಾರೆ, ಗ್ಯಾಸ್ ಸೋರದಂತೆ ವಾಲ್ವಿಗೆ ಹಾಕುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್ ಬದಲಿಸುತ್ತಾರೋ ಇಲ್ಲವೋ, ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ಯಾವುದಕ್ಕೆ ಬಾಕಿ ಇದೆ, ಇಷ್ಟನ್ನೂ ಮೊದಲೇ ಬರೆಸಬೇಕು. ಎಂಎಪಿ ಎಂದರೆ ಮೋನೋ ಅಮೋನಿಯಂ ಫಾಸ್ಫೇಟ್, ಎಬಿಸಿ ಪುಡಿಯಲ್ಲಿ ನಿಜವಾಗಿ ಕೆಲಸ ಮಾಡುವ ವಸ್ತು. ಮಾರುಕಟ್ಟೆಯಲ್ಲಿ ಶೇ 40, ಶೇ 50, ಶೇ 90ರ ಪುಡಿಗಳಿವೆ, ಬೆಲೆಯೂ ಅದರಂತೆ. ಎರಡು ಕೊಟೇಶನ್‌ಗಳ ನಡುವೆ ದೊಡ್ಡ ಅಂತರ ಕಂಡರೆ ಮೊದಲು ಈ ಶೇಕಡಾ ಕೇಳಿ. ಇಲ್ಲಿ ಶೇ 50 ಎಂದು ಬರೆಸಿದ ಮೇಲೆ ದರ ಸ್ವಲ್ಪ ಏರಿತು. ಅದು ಸರಿಯಾದ ಏರಿಕೆಯೇ.

ಮೊದಲ ದಿನ ಬೆಳಿಗ್ಗೆಯಿಂದ ತುಂತುರು ಮಳೆ. ಹುಡುಗರು ಪಾರ್ಕಿಂಗಿನಲ್ಲೇ ಸಿಲಿಂಡರ್ ಬಿಚ್ಚಲು ತಯಾರಾಗಿದ್ದರು. ಬೇಡ ಎಂದು ವಾಪಸ್ ಕಳಿಸಿದ್ದಾಯಿತು. ಎಂಎಪಿ ಪುಡಿ ತೇವ ಹೀರಿಕೊಳ್ಳುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಸಿಲಿಕೋನ್ ಲೇಪಿಸಿರುತ್ತಾರೆ, ಆದರೂ ಮಳೆಗಾಲದ ಗಾಳಿಯಲ್ಲಿ ಚೀಲ ಬಾಯಿ ತೆರೆದಿಟ್ಟರೆ ಕೆಡುತ್ತದೆ. ಇವತ್ತು ತುಂಬಿದ್ದು ಮುಂದಿನ ಬೇಸಿಗೆಯ ಹೊತ್ತಿಗೆ ಒಳಗೆ ಗಡ್ಡೆ. ರೀಫಿಲ್ ಮಾಡಿಸಲು ಒಣ ದಿನ ನೋಡಿ, ಇಲ್ಲವಾದರೆ ಅವರ ವರ್ಕ್‌ಶಾಪಿಗೇ ಕಳಿಸಿ. ಕಳಿಸುವುದಾದರೆ ಒಂದೇ ಸಲ ಎಲ್ಲವನ್ನೂ ಬಿಚ್ಚಿ ಕೊಡಬಾರದು. ಅರ್ಧ ಕಟ್ಟಡ ಒಂದು ದಿನ, ಉಳಿದರ್ಧ ಇನ್ನೊಂದು ದಿನ, ಅಥವಾ ಬದಲಿ ಸಿಲಿಂಡರ್ ಇಟ್ಟು ತೆಗೆದುಕೊಂಡು ಹೋಗಬೇಕು. ಈ ಸಂಸ್ಥೆ ಕೇಳದೆಯೇ ನಾಲ್ಕು ಬದಲಿ ತಂದಿತ್ತು. ಇದು ಅವರ ಬಗ್ಗೆ ಹೇಳಬೇಕಾದ ಮೊದಲ ಒಳ್ಳೆಯ ಮಾತು.

ಬಿಚ್ಚುವ ಮೊದಲು ಹೊರಗಿನ ತಪಾಸಣೆ. ರಿಜಿಸ್ಟರಿನಲ್ಲಿ ಸಾಹೇಬರು ಪ್ರತಿ ಸಿಲಿಂಡರಿಗೆ ಒಂದು ಪುಟ ಇಟ್ಟಿದ್ದಾರೆ. ನಂಬರು, ಜಾಗ, ದೇಹದ ಮೇಲೆ ಗುದ್ದಿರುವ ವರ್ಷ, ತುಂಬಿದಾಗಿನ ಒಟ್ಟು ತೂಕ, ಹಿಂದಿನ ಹೈಡ್ರೋ ಟೆಸ್ಟ್, ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ‘ತೆಗೆಯಬೇಕಾದ ವರ್ಷ’. ಭಾರತೀಯ ಮಾನಕ 2190ರ ಪ್ರಕಾರ ಪುಡಿಯ ಸಿಲಿಂಡರಿನ ಆಯಸ್ಸು 10 ವರ್ಷ, ಕಾರ್ಬನ್ ಡೈಆಕ್ಸೈಡಿನದಕ್ಕೆ 15. ನಾಲ್ಕನೇ ಮಹಡಿಯ ಎರಡರಲ್ಲೂ ಗುದ್ದಿದ್ದು 2013. ಬಣ್ಣ ಹೊಳೆಯುತ್ತಿತ್ತು, ಮುಳ್ಳು ಹಸಿರಿನಲ್ಲಿತ್ತು, ಸಂಸ್ಥೆಯ ಹುಡುಗ ಇನ್ನೊಂದೆರಡು ವರ್ಷ ನಡೆಯುತ್ತದೆ ಎಂದ. ಎರಡನ್ನೂ ತೆಗೆಸಿದ್ದಾಯಿತು. ಬೇಸ್‌ಮೆಂಟಿನದೊಂದು ನೆಲದ ಮೇಲೇ ನಿಂತಿತ್ತು, ವಾರಕ್ಕೊಮ್ಮೆ ನೀರು ಹಾಕಿ ತೊಳೆಯುವ ನೆಲ. ಎತ್ತಿ ನೋಡಿದರೆ ತಳದ ಉಂಗುರ ಪೂರ್ತಿ ತುಕ್ಕು, ಬೆಸುಗೆಯ ಗೆರೆಯ ಮೇಲೆ ಬೆರಳುಗುರು ತಾಗಿಸಿದರೆ ಪದರ ಪದರವಾಗಿ ಉದುರುತ್ತಿತ್ತು. ಒಳಗೆ ಸದಾ 15 ಬಾರ್ ಒತ್ತಡ ಹಿಡಿದುಕೊಂಡಿರುವ ಡಬ್ಬ ಅದು. ಬೆಸುಗೆಯಲ್ಲಿ ತುಕ್ಕು ಹಿಡಿದದ್ದಕ್ಕೆ ಬಣ್ಣ ಹೊಡೆದು ಮತ್ತೆ ಇಡುವುದು ಅಪರಾಧ. ಅದೂ ಹೋಯಿತು.

ತೆಗೆದ ಮೂರರ ವಿಷಯದಲ್ಲಿ ಒಂದು ಎಚ್ಚರ. ಒತ್ತಡ ಪೂರ್ತಿ ಇಳಿಸಿ, ವಾಲ್ವ್ ಬಿಚ್ಚಿ, ಪುಡಿ ಖಾಲಿ ಮಾಡಿದ ಮೇಲೆ ದೇಹಕ್ಕೆ ಡ್ರಿಲ್ಲಿನಿಂದ ತೂತು ಹೊಡೆಸಬೇಕು. ಇಲ್ಲದಿದ್ದರೆ ಗುಜರಿಯಿಂದ ಬಣ್ಣ ಬಳಿದುಕೊಂಡು ಮತ್ತೆ ಯಾವುದೋ ಅಂಗಡಿಯ ಗೋಡೆಗೆ ಹೊಸದಾಗಿ ಹೋಗಿ ಕೂರುತ್ತವೆ. ಸಾಹೇಬರು ತೂತು ಹೊಡೆದದ್ದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಆ ಪುಟಕ್ಕೆ ಅಡ್ಡಗೆರೆ ಎಳೆಯುತ್ತಿದ್ದರು. ಹೊಸದು ಕೊಳ್ಳುವಾಗಲೂ ಇದನ್ನೇ ತಿರುಗಿಸಿ ನೋಡಿ. ಎಸ್‌.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಸ್ಟಿಕರಿನ ವರ್ಷ ನಂಬದೆ ಲೋಹದಲ್ಲಿ ಗುದ್ದಿದ ವರ್ಷ ಹುಡುಕಿ. ಐಎಸ್‌ಐ ಗುರುತಿನ ಜೊತೆ ಐಎಸ್ 15683 ಎಂದಿರಬೇಕು, ಲೈಸೆನ್ಸ್ ನಂಬರೂ ಇರಬೇಕು.

ಉಳಿದ ಒಂಬತ್ತು ಪುಡಿ ಸಿಲಿಂಡರ್‌ಗಳನ್ನು ಒಂದೊಂದಾಗಿ ನಮ್ಮೆದುರಿಗೇ ಬಿಚ್ಚಿಸಿದೆವು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ, ಯಾಕೆಂದರೆ ಬಹಳ ಸಂಘಗಳವರು ಇದನ್ನು ನೋಡಿಯೇ ಇರುವುದಿಲ್ಲ.

ಮೊದಲು ತೂಕ. ಆಮೇಲೆ ಸಿಲಿಂಡರನ್ನು ತಲೆಕೆಳಗಾಗಿ ಹಿಡಿಯಬೇಕು. ಒಳ್ಳೆಯ ಪುಡಿಯಾದರೆ ದಬಕ್ಕನೆ ಒಳಗೆ ಸರಿಯುವುದು ಅಂಗೈಗೆ ಗೊತ್ತಾಗುತ್ತದೆ. ಗಟ್ಟಿಯಾಗಿದ್ದರೆ ಏನೂ ಅಲುಗುವುದಿಲ್ಲ, ಕಲ್ಲು ತುಂಬಿದ ಹಾಗೆ. ತಲೆಕೆಳಗಾಗಿದ್ದಾಗಲೇ ಪಿನ್ ತೆಗೆದು ಹಿಡಿಕೆ ಒತ್ತಿದರೆ ಬರೀ ಗ್ಯಾಸ್ ಹೊರಗೆ ಬರುತ್ತದೆ. ಒಳಗಿನ ಕೊಳವೆಯ ಬಾಯಿ ಈಗ ಪುಡಿಗಿಂತ ಮೇಲಿರುವುದರಿಂದ ಪುಡಿ ಬರುವುದಿಲ್ಲ. ಸದ್ದು ಪೂರ್ತಿ ನಿಂತ ಮೇಲೆ ಗೇಜ್ ನೋಡಬೇಕು, ಮುಳ್ಳು ಸೊನ್ನೆಗೆ ಬಂದಿರಬೇಕು. ಆಮೇಲೆ ವಾಲ್ವನ್ನು ನಿಧಾನವಾಗಿ, ಅರ್ಧರ್ಧ ಸುತ್ತು ತಿರುಗಿಸಬೇಕು. ಮುಖ ಅದರ ಮೇಲೆ ಬಾಗಿರಬಾರದು.

ಮೊದಲನೇ ಮಹಡಿಯ ಒಂದು ಸಿಲಿಂಡರ್ ಇಲ್ಲೇ ಸಿಕ್ಕಿಬಿತ್ತು. ತಲೆಕೆಳಗು ಮಾಡಿ ಒತ್ತಿದರೆ ಕ್ಷಣಮಾತ್ರ ಉಸ್ ಎಂದು ನಿಂತುಹೋಯಿತು. ಒಳಗೆ ಒತ್ತಡವೇ ಇರಲಿಲ್ಲ. ಆದರೆ ಮುಳ್ಳು ಹಸಿರಿನ ನಟ್ಟನಡುವೆ ಇತ್ತು. ಬೆರಳಿನಿಂದ ಗಾಜು ತಟ್ಟಿದರೂ ಅಲುಗಲಿಲ್ಲ. ವಾಲ್ವ್ ಬಿಚ್ಚಿ ಕೈಯಲ್ಲಿ ಹಿಡಿದಾಗಲೂ, ಯಾವ ಸಿಲಿಂಡರಿಗೂ ಸೇರದ ಆ ಗೇಜ್ ಹಸಿರನ್ನೇ ತೋರಿಸುತ್ತಿತ್ತು. ಗೇಜಿನ ಸಣ್ಣ ತೂತಿನೊಳಗೆ ಪುಡಿ ಹೊಕ್ಕು ಗಟ್ಟಿಯಾಗಿ, ಮುಳ್ಳು ಅಲ್ಲೇ ಸಿಕ್ಕಿಕೊಂಡಿತ್ತು. ಕಟ್ಟಡದ ಕಾರ್ಯದರ್ಶಿಗಳು ಆ ಗೇಜನ್ನು ನೋಟಿಸ್ ಬೋರ್ಡಿನ ಪಕ್ಕ ನೇತುಹಾಕಿಸಿದ್ದಾರೆ. ಸಾಹೇಬರು ಇದ್ದಿದ್ದರೆ ಅದನ್ನು ಕೈಯಿಂದ ಕೈಗೆ ಕೊಟ್ಟು ಎಲ್ಲರಿಗೂ ತೋರಿಸುತ್ತಿದ್ದರು.

ಪುಡಿಯ ಪರೀಕ್ಷೆಗೆ ಲ್ಯಾಬ್ ಬೇಕಿಲ್ಲ. ಹೊಸ ಪುಡಿ ನೀರಿನ ಹಾಗೆ ಹರಿಯುತ್ತದೆ, ಬೆರಳ ಸಂದಿಯಲ್ಲಿ ಜಾರುತ್ತದೆ. ಹಳೆಯದರಲ್ಲಿ ಉಂಡೆ ಸಿಕ್ಕರೆ ಒಂದನ್ನು ಎತ್ತಿ ಅರ್ಧ ಗೇಣಿನಷ್ಟು ಎತ್ತರದಿಂದ ನೆಲಕ್ಕೆ ಬಿಡಿ. ಬಿದ್ದ ಕೂಡಲೇ ಪುಡಿಪುಡಿಯಾದರೆ ತೊಂದರೆಯಿಲ್ಲ, ಉಂಡೆ ಉಂಡೆಯಾಗಿಯೇ ಉಳಿದರೆ ಅಷ್ಟೂ ಪುಡಿ ಎಸೆಯಬೇಕು. ಇನ್ನೊಂದು, ಒಂದು ಲೋಟ ನೀರಿಗೆ ಅರ್ಧ ಚಮಚ ಉದುರಿಸಿ. ಲೇಪನ ಸರಿಯಿದ್ದರೆ ಪುಡಿ ಮೇಲೇ ತೇಲುತ್ತದೆ. ತಕ್ಷಣ ನೆನೆದು ಮುಳುಗಿದರೆ ಲೇಪನ ಹೋಗಿದೆ, ಅಥವಾ ಮೊದಲೇ ಇರಲಿಲ್ಲ. ನೆಲಮಹಡಿಯ ಗೇಟಿನ ಪಕ್ಕದ ಸಿಲಿಂಡರಿನ ಪುಡಿ ತಳದಲ್ಲಿ ಹಲಗೆ ಕಟ್ಟಿತ್ತು, ಮರದ ಕೋಲು ಹಾಕಿ ಕೆದಕಬೇಕಾಯಿತು. ಅದರ ಮೇಲೆ ಹಿಂದಿನ ವರ್ಷದ ಸ್ಟಿಕರ್ ನೀಟಾಗಿ ಅಂಟಿತ್ತು. ಸಾಹೇಬರ ಆರೋಗ್ಯ ಕೆಟ್ಟು ಆಸ್ಪತ್ರೆಯಲ್ಲಿದ್ದ ವರ್ಷ ಅದು, ರಿಜಿಸ್ಟರಿನ ಆ ಸಾಲು ಖಾಲಿ ಇದೆ.

ಹಳೆಯ ಪುಡಿಯ ಮೇಲೆ ಹೊಸದನ್ನು ಸುರಿದು ಭರ್ತಿ ಮಾಡುವ ಅಭ್ಯಾಸ ಕೆಲವರಿಗಿದೆ. ಎಂದೂ ಒಪ್ಪಬೇಡಿ. ಹಳೆಯದು ಸೋಡಿಯಂ ಬೈಕಾರ್ಬೊನೇಟಿನ ‘ಬಿ-ಸಿ’ ಪುಡಿಯಾಗಿದ್ದು ಮೇಲೆ ಎಬಿಸಿ ಬಿದ್ದರೆ ಎರಡೂ ಪ್ರತಿಕ್ರಿಯಿಸಿ ಒಳಗೇ ಗ್ಯಾಸ್ ಮತ್ತು ತೇವ ಹುಟ್ಟುತ್ತದೆ. ಪುಡಿ ಗಟ್ಟಿಯಾಗುತ್ತದೆ, ಒತ್ತಡವೂ ಏರುತ್ತದೆ. ಎರಡಕ್ಕೂ ಪುಡಿ ತುಂಬುವ ಕೊಳವೆ, ಬಕೆಟ್ ಬೇರೆಬೇರೆ ಇರಬೇಕು. ಇವರ ಹತ್ತಿರ ಬೇರೆ ಇದ್ದವು, ಮೇಲೆ ಬರೆದೂ ಇತ್ತು.

ತುಂಬುವ ಕೆಲಸದಲ್ಲಿ ಈ ಹುಡುಗರ ಕೈ ಚೆನ್ನಾಗಿದೆ. ವಾಲ್ವ್ ಕೂರುವ ಜಾಗ, ಸೀಟು, ಸ್ಪ್ರಿಂಗ್ ಎಲ್ಲವನ್ನೂ ಬ್ರಷ್ ಹಾಕಿ ಶುಚಿ ಮಾಡಿದರು. ಇದು ಸಣ್ಣ ವಿಷಯವಲ್ಲ. ಸೀಟಿನ ಮೇಲೆ ಒಂದೆರಡು ಕಣ ಪುಡಿ ಕೂತರೂ ಗ್ಯಾಸ್ ತೊಟ್ಟು ತೊಟ್ಟಾಗಿ ಸೋರಿ ಕೆಲವೇ ದಿನದಲ್ಲಿ ಮುಳ್ಳು ಕೆಂಪಿಗೆ ಬರುತ್ತದೆ. ಇದೇ ಕಾರಣಕ್ಕೆ, ಸಿಲಿಂಡರನ್ನು ಒಂದೇ ಒಂದು ಸಲ ‘ಸುಮ್ಮನೆ ನೋಡೋಣ’ ಎಂದು ಒತ್ತಿದರೂ ಅದು ಮತ್ತೆ ರೀಫಿಲ್ಲಿಗೇ ಹೋಗಬೇಕು. ಮುಕ್ಕಾಲು ಪುಡಿ ಒಳಗೇ ಇದ್ದರೂ ಬೆಳಗಾಗುವಷ್ಟರಲ್ಲಿ ಒತ್ತಡ ಇಳಿದಿರುತ್ತದೆ. ಓ-ರಿಂಗ್ ಒಂಬತ್ತಕ್ಕೂ ಹೊಸದು ಹಾಕಿದರು, ಹಳೆಯದನ್ನು ಎಣಿಸಿ ಕೈಗೆ ಕೊಟ್ಟರು. ಒತ್ತಡಕ್ಕೆ ಬಳಸಿದ್ದು ನೈಟ್ರೋಜನ್. ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು ಗಾಳಿ ತುಂಬುವವರೂ ಇದ್ದಾರೆ. ಆ ಗಾಳಿಯಲ್ಲಿ ನೀರಿನ ಅಂಶ ಇರುತ್ತದೆ, ಅದು ನೇರ ಪುಡಿಗೆ ಹೋಗುತ್ತದೆ. ತುಂಬಿದ ಮೇಲೆ ಕುತ್ತಿಗೆಗೆ ಸೋಪಿನ ನೀರು ಸವರಿ ಗುಳ್ಳೆ ನೋಡಿದರು. ಒಂದು ರಾತ್ರಿ ಹಾಗೇ ಬಿಟ್ಟು ಮರುದಿನ ಮುಳ್ಳು ಅದೇ ಜಾಗದಲ್ಲಿದೆಯೇ ನೋಡಿ ಸೀಲ್ ಹಾಕಿ ಎಂದು ನಾವು ಹೇಳಬೇಕಾಯಿತು, ಹೇಳಿದ್ದನ್ನು ಮಾಡಿದರು.

ಎಡವಿದ್ದು ತೂಕದಲ್ಲಿ. ಒಂಬತ್ತೂ ತುಂಬಿಯಾದ ಮೇಲೆ ಮತ್ತೆ ತಕ್ಕಡಿಗೆ ಇಟ್ಟು ರಿಜಿಸ್ಟರಿನ ಅಂಕಿಗೆ ಹೋಲಿಸಿದರೆ ಎರಡು ಕಡಿಮೆ ಬಂದವು. ಒಂದು ಅರ್ಧ ಕೆ.ಜಿ., ಇನ್ನೊಂದು 700 ಗ್ರಾಂ. ನೂರಿನ್ನೂರು ಗ್ರಾಂ ಹೆಚ್ಚುಕಡಿಮೆ ನಡೆಯುತ್ತದೆ, ಇಷ್ಟು ನಡೆಯುವುದಿಲ್ಲ. 6 ಕೆ.ಜಿ. ಸಿಲಿಂಡರ್ ಪೂರ್ತಿ ಖಾಲಿಯಾಗಲು ಹಿಡಿಯುವುದೇ ಹತ್ತು ಹದಿನೈದು ಸೆಕೆಂಡು. 700 ಗ್ರಾಂ ಕಡಿಮೆ ಎಂದರೆ ಅದರಲ್ಲಿ ಒಂದೂವರೆ ಸೆಕೆಂಡು ಹೋಯಿತು. ಬೆಂಕಿ ಹೆಚ್ಚುಕಡಿಮೆ ಆರಿ ಮೂಲೆಯಲ್ಲೊಂದು ನಾಲಿಗೆ ಉಳಿದಿದ್ದಾಗ ಬೇಕಾಗುವುದು ಆ ಒಂದೂವರೆ ಸೆಕೆಂಡೇ. ಹುಡುಗರು ಮೋಸ ಮಾಡಿದರು ಎನ್ನುವುದಿಲ್ಲ. ಚೀಲದಿಂದ ಮಗ್ಗಿನಲ್ಲಿ ಅಳೆದು ಹಾಕುತ್ತಿದ್ದರು, ಗಾಳಿ ಸೇರಿದ ಪುಡಿ ಮಗ್ಗಿನಲ್ಲಿ ಉಬ್ಬಿ ಕಾಣುತ್ತದೆ. ಪುಡಿಯನ್ನು ತೂಕ ಮಾಡಿಯೇ ಹಾಕಬೇಕು. ಎರಡನ್ನೂ ಮತ್ತೆ ಬಿಚ್ಚಿ ಸರಿಮಾಡಿಸಲಾಯಿತು. ಹಳೆಯ ತೂಕ ಬರೆದಿಟ್ಟ ಪುಟ ಇಲ್ಲದ ಕಟ್ಟಡದಲ್ಲಿ ಇದು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ನಿಮ್ಮಲ್ಲಿ ಅಂಥ ಪುಟ ಇಲ್ಲವಾದರೆ ಈ ಸಲದ ಸರ್ವಿಸ್ಸಿನಿಂದಲೇ ಶುರುಮಾಡಿ. ಹತ್ತು ರೂಪಾಯಿಯ ನೋಟ್‌ಬುಕ್ ಸಾಕು.

ಇನ್ನೊಂದು ತಪ್ಪು ಸಣ್ಣದಾಗಿ ಕಾಣುತ್ತದೆ, ಆದರೆ ನಮಗೆ ಎಲ್ಲಕ್ಕಿಂತ ಹೆಚ್ಚು ಕೋಪ ಬಂದದ್ದು ಅದಕ್ಕೆ. ಪಿನ್ ಬಿದ್ದುಹೋಗದಿರಲಿ ಎಂದು ನಾಲ್ಕು ಸಿಲಿಂಡರಿಗೆ ವೈರ್ ಕಟ್ಟುವ ದಪ್ಪ ಪ್ಲಾಸ್ಟಿಕ್ ಟೈ ಬಿಗಿದಿದ್ದರು. ಅದನ್ನು ಕೈಯಲ್ಲಿ ಹರಿಯಲು ಗಟ್ಟಿಮುಟ್ಟಾದ ಗಂಡಸಿನಿಂದಲೂ ಆಗುವುದಿಲ್ಲ, ಕತ್ತರಿ ಬೇಕು. ಹೊಗೆಯಲ್ಲಿ ಕತ್ತರಿ ಎಲ್ಲಿ ಹುಡುಕುವುದು? ಪಿನ್ನಿಗೆ ಹಾಕಬೇಕಾದದ್ದು ತಿರುಚಿ ಎಳೆದರೆ ಪಟ್ಟನೆ ತುಂಡಾಗುವ ತೆಳು ಸೀಲ್. ಈಗಲೇ ಎದ್ದು ಹೋಗಿ ನಿಮ್ಮ ಮಹಡಿಯ ಸಿಲಿಂಡರಿನ ಪಿನ್ನಿಗೆ ಏನು ಕಟ್ಟಿದ್ದಾರೆ ನೋಡಿ.

ಹೈಡ್ರೋ ಟೆಸ್ಟ್ ಬಗ್ಗೆ ಎರಡು ಮಾತು. ಪುಡಿಯ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ನೀರು ತುಂಬಿ 35 ಬಾರ್ ಒತ್ತಡ ಕೊಟ್ಟು ನೋಡಬೇಕು, ಕಾರ್ಬನ್ ಡೈಆಕ್ಸೈಡಿನದಕ್ಕೆ ಐದು ವರ್ಷಕ್ಕೊಮ್ಮೆ 250 ಬಾರ್. ಇಲ್ಲಿ ಮೂರಕ್ಕೆ ಬಾಕಿ ಇತ್ತು, ವರ್ಕ್‌ಶಾಪಿನಲ್ಲಿ ಮಾಡಿಸಿ ತಂದರು. ಟೆಸ್ಟ್ ಆದ ಮೇಲೆ ಒಳಗೆ ಪೂರ್ತಿ ಒಣಗಿಸದೆ ಪುಡಿ ತುಂಬಿದರೆ ಪರೀಕ್ಷೆಯೇ ಸಿಲಿಂಡರನ್ನು ಕೆಡಿಸಿದ ಹಾಗೆ. ಟಾರ್ಚ್ ಬಿಟ್ಟು ಒಳಗೆ ನೋಡಿದೆವು, ಮೂರೂ ಒಣಗಿದ್ದವು.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಗೇಜ್ ಇಲ್ಲ, ತೂಕವೊಂದೇ ಗತಿ. ಖಾಲಿ ತೂಕ ಅದರ ಮೇಲೇ ಗುದ್ದಿರುತ್ತದೆ. ತುಂಬಿದ ಗ್ಯಾಸಿನಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗಿದ್ದರೆ, ಅಂದರೆ 4.5 ಕೆ.ಜಿ.ಯದರಲ್ಲಿ 450 ಗ್ರಾಂ ದಾಟಿದರೆ, ರೀಫಿಲ್ ಆಗಲೇಬೇಕು. ಪ್ಯಾನೆಲ್ ರೂಮಿನದು ಸರಿಯಿತ್ತು, ಲಿಫ್ಟ್ ಮೆಷಿನ್ ರೂಮಿನದು 600 ಗ್ರಾಂ ಕಡಿಮೆ. ಇದನ್ನು ಪಾರ್ಕಿಂಗಿನಲ್ಲಿ ಕೂತು ತುಂಬಲಾಗುವುದಿಲ್ಲ. ಅತಿ ಹೆಚ್ಚು ಒತ್ತಡದ ಗ್ಯಾಸ್, ಪರವಾನಗಿ ಇರುವ ಕಡೆಯೇ ತುಂಬಬೇಕು. ಇದನ್ನು ಸಂಸ್ಥೆಯವರು ತಾವಾಗಿಯೇ ಹೇಳಿ, ಬದಲಿ ಇಟ್ಟು, ರಸೀದಿ ಕೊಟ್ಟು ಒಯ್ದರು. ಬಳಸುವವರಿಗೆ ಎರಡು ಎಚ್ಚರಿಕೆಗಳನ್ನು ರೂಮಿನ ಬಾಗಿಲಿಗೇ ಬರೆದು ಅಂಟಿಸಲಾಗಿದೆ. ಕಹಳೆಯಂಥ ಕಪ್ಪು ಬಾಯಿಯನ್ನು ಕೈಯಲ್ಲಿ ಹಿಡಿಯಬಾರದು, ಚಳಿಗೆ ಚರ್ಮ ಸುಟ್ಟ ಹಾಗಾಗುತ್ತದೆ. ಮುಚ್ಚಿದ ಚಿಕ್ಕ ರೂಮಿನಲ್ಲಿ ಬಿಟ್ಟ ಮೇಲೆ ಒಳಗೆ ನಿಲ್ಲಬಾರದು, ಉಸಿರಾಡಲು ಗಾಳಿ ಉಳಿದಿರುವುದಿಲ್ಲ.

ಕರೆಂಟ್ ಬೆಂಕಿಗೆ ಎಬಿಸಿ ಪುಡಿಯೂ ಆಗುತ್ತದಲ್ಲ, ಈ ದುಬಾರಿ ಸಿಲಿಂಡರ್ ಯಾಕೆ ಎಂದು ಸಂಘದ ಸಭೆಯಲ್ಲಿ ಪ್ರಶ್ನೆ ಬಂದಿತ್ತು. ಆಗುತ್ತದೆ. ಆದರೆ ಆ ಪುಡಿ ಪ್ಯಾನೆಲ್ಲಿನ ಒಳಗೆಲ್ಲ ಕೂತು, ತೇವ ಹೀರಿ ತಾಮ್ರವನ್ನು ತಿನ್ನುತ್ತದೆ. ಬೆಂಕಿಯಲ್ಲಿ ಉಳಿದ ಯಂತ್ರ ಪುಡಿಯಲ್ಲಿ ಹೋಗುತ್ತದೆ. ಅಂದಹಾಗೆ ಎಬಿಸಿಯಲ್ಲಿ ಸಿ ಎಂದರೆ ಕರೆಂಟ್ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ದೇಶದ ವರ್ಗೀಕರಣದಲ್ಲಿ ಎ ಎಂದರೆ ಕಟ್ಟಿಗೆ, ಬಟ್ಟೆ, ಕಾಗದ, ಬಿ ಎಂದರೆ ಪೆಟ್ರೋಲಿನಂಥ ದ್ರವ, ಸಿ ಎಂದರೆ ಗ್ಯಾಸ್. ಕರೆಂಟಿಗೆ ಅಕ್ಷರವಿಲ್ಲ. ಅಲ್ಲಿ ಮೊದಲ ಕೆಲಸ ಮೇನ್ ಆಫ್ ಮಾಡುವುದು.

ಪ್ಯಾನೆಲ್ ರೂಮಿನ ಪಕ್ಕದ ಕೇಬಲ್ ಡಕ್ಟಿನ, ಅಂದರೆ ತಂತಿಗಳು ಮಹಡಿಯಿಂದ ಮಹಡಿಗೆ ಹೋಗುವ ಕಿಂಡಿಯ ವಿಷಯ ಸರ್ವಿಸ್ಸಿನ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಸಾಹೇಬರು ಪ್ರತಿ ಸಲ ಅದರ ಬಾಗಿಲು ತೆಗೆಸಿ ನೋಡುತ್ತಿದ್ದರು. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ಮಹಡಿಯಿಂದ ಮಹಡಿಗೆ ಏರಲು ಇಂಥ ಡಕ್ಟೊಂದೇ ಸಾಕು ಎಂದು ಆಮೇಲೆ ಅವರು ಹೋದಲ್ಲೆಲ್ಲ ಹೇಳಿದರು. ಈ ಕಟ್ಟಡದ ಡಕ್ಟಿನಲ್ಲಿ ಹಳೆಯ ಪೇಂಟ್ ಡಬ್ಬ, ಪೊರಕೆ, ದೀಪಾವಳಿ ಸರದ ಲೈಟುಗಳು ಸಿಕ್ಕವು. ಎಲ್ಲ ಹೊರಗೆ ಬಂದಿವೆ.

ಒಪ್ಪಂದದಲ್ಲಿ ನಿವಾಸಿಗಳಿಗೆ ತರಬೇತಿಯೂ ಸೇರಿತ್ತು. ಇದರಲ್ಲಿ ಸಂಸ್ಥೆ ಸೋತಿತು. ಒಬ್ಬ ಹುಡುಗ ಪಾರ್ಕಿಂಗಿನ ಮಧ್ಯೆ ನಿಂತು ಗಾಳಿಗೆ ಎರಡು ಸೆಕೆಂಡು ಪುಡಿ ಹಾರಿಸಿ, ಅಷ್ಟೇ ಸಾರ್ ಎಂದ. ಏಪ್ರಿಲ್ 14ರಿಂದ 20ರವರೆಗಿನ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ಸಾಹೇಬರು ಇದೇ ಜಾಗದಲ್ಲಿ ಕೊಡುತ್ತಿದ್ದ ತರಬೇತಿ ನೋಡಿದವರಿಗೆ ಇದು ಸಹಿಸುವುದಲ್ಲ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಹಡಗು ಸ್ಫೋಟದಲ್ಲಿ ಪ್ರಾಣ ಕೊಟ್ಟ ಅಗ್ನಿಶಾಮಕರಿಗೆ ಒಂದು ನಿಮಿಷ ಮೌನ, ಆಮೇಲೆ ನೇರ ಕೆಲಸಕ್ಕೆ. ತಗಡಿನ ಅಗಲ ಟ್ರೇಯಲ್ಲಿ ನೀರು, ಮೇಲೆ ತೆಳ್ಳಗೆ ಡೀಸೆಲ್, ಬೆಂಕಿ. ಗಾಳಿ ಬೆನ್ನಿಗೆ ಬರುವಂತೆ ನಿಲ್ಲಬೇಕು, ಎರಡು ಮೂರು ಮೀಟರ್ ದೂರದಲ್ಲಿ. ಪಿನ್ ಎಳೆಯುವಾಗ ಹಿಡಿಕೆ ಒತ್ತಿ ಹಿಡಿಯಬಾರದು, ಒತ್ತಿದರೆ ಪಿನ್ ಕಚ್ಚಿಕೊಂಡು ಬರುವುದೇ ಇಲ್ಲ. ಗಾಬರಿಯಲ್ಲಿ ನೂರಕ್ಕೆ ತೊಂಬತ್ತು ಜನ ಮಾಡುವ ತಪ್ಪು ಇದೇ ಎಂದು ಅವರು ಪ್ರತಿಯೊಬ್ಬರ ಕೈ ಹಿಡಿದು ತಿದ್ದುತ್ತಿದ್ದರು. ಪೈಪ್ ಉರಿಯ ಬುಡಕ್ಕೆ, ಉರಿಯ ತುದಿಗೆ ಅಲ್ಲ. ಕಸ ಗುಡಿಸುವ ಹಾಗೆ ಅತ್ತಿಂದಿತ್ತ. ಆರಿದ ಮೇಲೂ ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆ ಇಡಬೇಕು. ರೀಫಿಲ್ಲಿಗೆ ಹೋಗಲಿರುವ ಸಿಲಿಂಡರ್‌ಗಳನ್ನೇ ತರಬೇತಿಗೆ ಬಳಸಿದರೆ ಖರ್ಚೂ ಇಲ್ಲ. ಸಂಸ್ಥೆಗೆ ಇದನ್ನು ವಿವರಿಸಿದ ಮೇಲೆ ಮುಂದಿನ ಭಾನುವಾರ ಟ್ರೇ ತಂದು ಮತ್ತೊಮ್ಮೆ ಸರಿಯಾಗಿ ಮಾಡಿಸಿದರು. ಇಪ್ಪತ್ತಾರು ಜನ ಒಬ್ಬೊಬ್ಬರಾಗಿ ಬೆಂಕಿ ಆರಿಸಿದರು, ಅವರಲ್ಲಿ ಮನೆಗೆಲಸದವರೂ ಸೆಕ್ಯುರಿಟಿಯವರೂ ಇದ್ದರು. ಹಗಲು ಹೊತ್ತು ಮನೆಯಲ್ಲಿ ನಿಜವಾಗಿ ಇರುವವರು ಅವರೇ.

ನಾಲ್ಕನೇ ಮಹಡಿಯ ಇಬ್ಬರು ಹಿರಿಯ ಅಮ್ಮಂದಿರಿಗೆ ಸಿಲಿಂಡರ್ ಎತ್ತಲಾಗಲಿಲ್ಲ. 6 ಕೆ.ಜಿ. ಎಂದರೆ ಒಳಗಿನ ಪುಡಿ ಮಾತ್ರ. ಡಬ್ಬ, ವಾಲ್ವ್ ಸೇರಿ ಒಂಬತ್ತು ಕೆ.ಜಿ. ದಾಟುತ್ತದೆ. ಕಟ್ಟಡದ ಅನುಮತಿಯಲ್ಲಿ ಇರುವ ಸಂಖ್ಯೆ, ಗಾತ್ರ ಇಳಿಸುವ ಹಾಗಿಲ್ಲ. ಆದ್ದರಿಂದ ಆ ಮಹಡಿಗೆ ಹೊಸ 6 ಕೆ.ಜಿ.ಯ ಎರಡರ ಪಕ್ಕದಲ್ಲಿ 2 ಕೆ.ಜಿ.ಯದೊಂದನ್ನು ಹೆಚ್ಚುವರಿಯಾಗಿ ಹಾಕಿಸಲಾಗಿದೆ. ಬೇಸ್‌ಮೆಂಟಿಗೂ ಹೊಸದು ಬಂತು, ಈ ಸಲ ನೆಲಕ್ಕಲ್ಲ, ತಳ ನೆಲದಿಂದ ಮುಕ್ಕಾಲು ಮೀಟರ್ ಎತ್ತರದಲ್ಲಿರುವಂತೆ ಗೋಡೆಗೆ.

ಮನೆಯೊಳಗೆ ಇಡುವವರು 2 ಕೆ.ಜಿ.ಯದು ಸಾಕೇ ಎಂದು ಕೇಳುತ್ತಾರೆ. ಸಾಕು, ಆದರೆ ಒಲೆಯ ಪಕ್ಕ ಬೇಡ. ಅಡುಗೆಮನೆಯಿಂದ ಹೊರಬರುವ ಬಾಗಿಲ ಹತ್ತಿರ ಇಡಿ. ಗ್ಯಾಸ್ ಸೋರಿ ಉರಿ ಹತ್ತಿದರೆ ಮೊದಲು ರೆಗ್ಯುಲೇಟರ್ ಬಂದ್, ಗ್ಯಾಸ್ ನಿಂತರೆ ಉರಿ ತಾನೇ ನಿಲ್ಲುತ್ತದೆ. ಗ್ಯಾಸ್ ಬರುತ್ತಲೇ ಇರುವಾಗ ಉರಿಯನ್ನು ಮಾತ್ರ ಆರಿಸಿದರೆ, ಗಾಳಿಗಿಂತ ಭಾರವಾದ ಆ ಗ್ಯಾಸ್ ನೆಲದಲ್ಲಿ ಹರಡಿ ಇನ್ನೆಲ್ಲೋ ಕಿಡಿ ಸಿಕ್ಕಾಗ ಇಡೀ ಮನೆಯೇ ಹೊತ್ತುತ್ತದೆ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಒಲೆ ಆಫ್ ಮಾಡಿ ಬಾಣಲೆಗಿಂತ ದೊಡ್ಡ ಮುಚ್ಚಳ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ನೀರು ಖಂಡಿತ ಬೇಡ. ಸಿಲಿಂಡರನ್ನು ಹತ್ತಿರದಿಂದ ನೇರ ಎಣ್ಣೆಗೆ ಹೊಡೆದರೆ ಉರಿಯುವ ಎಣ್ಣೆಯೇ ಚಿಮ್ಮುತ್ತದೆ.

ಬೇಸ್‌ಮೆಂಟಿನಲ್ಲಿ ಈಗ ಏಳು ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಆಗುತ್ತವೆ. ಎಬಿಸಿ ಸಿಲಿಂಡರ್ ಅವಕ್ಕೂ ಸಾಕು ಎಂದು ಸಂಸ್ಥೆಯವರು ಹೇಳಿದ್ದು ಸರಿಯಲ್ಲ. ಲಿಥಿಯಂ ಬ್ಯಾಟರಿಯ ಒಳಗೇ ಶಾಖ ಹುಟ್ಟುತ್ತಿರುವಾಗ ಪುಡಿ ಮೇಲಿನ ಉರಿಯನ್ನು ಕ್ಷಣಕಾಲ ಅಡಗಿಸುತ್ತದೆ, ಬ್ಯಾಟರಿಯನ್ನು ತಂಪು ಮಾಡುವುದಿಲ್ಲ. ಮತ್ತೆ ಹೊತ್ತುತ್ತದೆ. ಅದಕ್ಕೆ ಬೇಕಾದದ್ದು ಧಾರಾಳ ನೀರು, ಅದೂ ಬಹಳ ಹೊತ್ತು. ನಿವಾಸಿಗಳು ಮಾಡಬೇಕಾದದ್ದು ಸಾಧ್ಯವಾದರೆ ಮೇನ್ ಆಫ್ ಮಾಡಿ, ಎಲ್ಲರನ್ನೂ ಹೊರಗೆ ಕರೆದು, 112ಕ್ಕೋ 101ಕ್ಕೋ ಫೋನ್ ಮಾಡುವುದು. ಚಾರ್ಜಿಂಗ್ ಜಾಗವನ್ನು ಮೆಟ್ಟಿಲ ಕೆಳಗಿನಿಂದ ಗೇಟಿನ ಪಕ್ಕದ ತೆರೆದ ಮೂಲೆಗೆ ಬದಲಿಸಿ ಎಂದು ಸಾಹೇಬರು ಎರಡು ಸಲ ಲಿಖಿತವಾಗಿ ಕೊಟ್ಟಿದ್ದ ಪತ್ರ ಕಡತದಲ್ಲಿ ಸಿಕ್ಕಿತು. ಈಗ ಆ ಕೆಲಸಕ್ಕೆ ಎಲೆಕ್ಟ್ರೀಷಿಯನ್ ಬಂದಿದ್ದಾರೆ.

ಈ ಸಂಸ್ಥೆಗೆ ಮುಂದಿನ ವರ್ಷವೂ ಕೆಲಸ ಕೊಡಬಹುದೇ ಎಂದರೆ, ಕೊಡಬಹುದು. ಕೈಗೆಲಸ ಶುಚಿ, ಬದಲಿ ಸಿಲಿಂಡರ್ ತಂದರು, ನೈಟ್ರೋಜನ್ ಬಳಸಿದರು, ತಪ್ಪು ತೋರಿಸಿದಾಗ ವಾದಿಸದೆ ತಿದ್ದಿಕೊಂಡರು. ಆದರೆ ಷರತ್ತು ಬರೆಸಿಕೊಂಡು ಕೊಡಬೇಕು. ಪುಡಿಯನ್ನು ತೂಕ ಮಾಡಿ ಹಾಕುವುದು, ಕೈಯಲ್ಲಿ ಹರಿಯುವ ಸೀಲ್, ಸ್ಟಿಕರಿನಲ್ಲಿ ಮುಂದಿನ ತಾರೀಖಿನ ಜೊತೆ ಪುಡಿಯ ತೂಕ, ಒಟ್ಟು ತೂಕ ಮತ್ತು ತುಂಬಿದವರ ಸಹಿ. ಯಾರೂ ಎದುರಿಗೆ ಕೂರದ ಕಟ್ಟಡದಲ್ಲಿ ಇವರು ಇದೇ ಕೆಲಸ ಹೀಗೇ ಮಾಡುತ್ತಾರೆಯೇ ಎಂದು ಕೇಳಿದರೆ ನಾವು ಹೌದು ಎನ್ನಲಾರೆವು.

ಲಿಫ್ಟ್ ರೂಮಿನ ಸಿಲಿಂಡರ್ ಗುರುವಾರ ವಾಪಸ್ ಬಂತು. ಸೆಕ್ಯುರಿಟಿಯವರು ತಾವೇ ತಕ್ಕಡಿ ತಂದಿಟ್ಟು ತೂಗಿ, ಗುದ್ದಿದ ಖಾಲಿ ತೂಕ ಕಳೆದು, 4.5 ಸರಿಯಾಗಿದೆ ಎಂದು ರಿಜಿಸ್ಟರಿನಲ್ಲಿ ಬರೆದರು. ತಿಂಗಳ ಮೊದಲನೇ ತಾರೀಖು ಮಹಡಿ ಮಹಡಿ ಹತ್ತಿ ಮುಳ್ಳು, ಪಿನ್, ಪೈಪಿನ ಬಾಯಿ ನೋಡಿ ಸಹಿ ಹಾಕುವುದನ್ನೂ ಅವರಿಗೆ ಕಲಿಸಿದ್ದು ಸಾಹೇಬರೇ. ಖಾಲಿ ಬಿಟ್ಟಿದ್ದ ಹಿಂದಿನ ವರ್ಷದ ಸಾಲನ್ನು ಹಾಗೇ ಖಾಲಿ ಬಿಟ್ಟು, ಅದರ ಕೆಳಗಿನ ಸಾಲಿನಿಂದ ಈ ವರ್ಷದ ಅಂಕಿಗಳು ಶುರುವಾಗಿವೆ.